ಗೇಟ್ ಮತ್ತು ಕೆಳಮನೆಯ ಯಜಮಾನರು

ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನ 12 ಮನೆಯವರು ಈ ದಿನ ಬೆಳಿಗ್ಗೆ ಸ್ನಾನವಿಲ್ಲದೆ ಕೆಲಸಕ್ಕೆ ಹೊರಟರು. ಅದಕ್ಕೆ ಕಾರಣ ಜಲಮಂಡಳಿಯೂ ಅಲ್ಲ, ಟ್ಯಾಂಕರಿನವರೂ ಅಲ್ಲ, ನನ್ನ ಮೇಜಿನ ಮೇಲಿರುವ ಸೀಕ್ವೆನ್ಸರಿನ ಒಂದು ನಾಬ್.

16 ಸ್ಟೆಪ್‌ಗಳಲ್ಲಿ ಯಾವ ಸ್ವರ ಎಲ್ಲಿ ಬರಬೇಕೆಂದು ಹೇಳಿಟ್ಟರೆ, ಅದನ್ನು ಸಿಂಥಸೈಜರಿಗೆ ತಪ್ಪದೆ ಒಪ್ಪಿಸುವುದು ಈ ಯಂತ್ರದ ಕೆಲಸ. ಬಂದ ಸ್ವರ ಎಷ್ಟು ಹೊತ್ತು ಕೂರಬೇಕೆಂದು ನಿರ್ಧರಿಸುವುದು ಗೇಟ್. ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ, ಬೀಟಿಗೆ 4 ಸ್ಟೆಪ್‌ನಂತೆ, ಒಂದು ಸ್ಟೆಪ್ಪಿಗೆ ದೊರೆಯುವುದು 125 ಮಿಲಿಸೆಕೆಂಡ್. ಗೇಟ್ ಶೇ. 50 ಇದ್ದರೆ ಅದರಲ್ಲಿ ಅರ್ಧ ನುಡಿ, ಅರ್ಧ ಮೌನ. ಶೇ. 10ಕ್ಕೆ ಇಳಿಸಿದರೆ ಹನ್ನೆರಡೂವರೆ ಮಿಲಿಸೆಕೆಂಡ್. ಅದನ್ನು ಸ್ವರವೆನ್ನುವುದಕ್ಕಿಂತ ಸ್ವರದ ಸೀನು ಎನ್ನುವುದು ಮೇಲು.

ನಮ್ಮ ಕೆಳಮನೆಯಲ್ಲಿರುವ ನಿವೃತ್ತ ಯಜಮಾನರಿಗೆ ಸಂಘದಲ್ಲಿ ಪದವಿಯೇನೂ ಇಲ್ಲದಿದ್ದರೂ ಮೋಟಾರಿನ ಸ್ವಿಚ್ಚು ಅವರ ಸುಪರ್ದಿನಲ್ಲಿದೆ. ಕಟ್ಟಡದಲ್ಲಿ ಯಾವ ಸದ್ದಾದರೂ ಅದರ ಮೂಲ ಪತ್ತೆಯಾಗುವವರೆಗೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಕಳೆದ ವಾರ ಎರಡೇ ಸ್ಟೆಪ್‌ಗಳಲ್ಲಿ ಷಡ್ಜವಿಟ್ಟು ಶೇ. 10ರ ಗೇಟಿನಲ್ಲಿ ಓಡಿಸುತ್ತಿದ್ದಾಗ ಬಾಗಿಲು ತಟ್ಟಿ, “ನಿಮ್ಮ ಬಚ್ಚಲ ನಲ್ಲಿ ತೊಟ್ಟಿಕ್ತಾ ಇದೆ ಸಾರ್, ವಾಷರ್ ಹಾಕ್ಸಿ” ಎಂದರು. ಅದು ಸಂಗೀತವೆಂದೆ. “ಸಂಗೀತ ಆಮೇಲೆ, ಮೊದಲು ವಾಷರ್” ಎಂದು ಹೇಳಿ ಮರುದಿನ ಪ್ಲಂಬರನನ್ನೇ ಕಳಿಸಿದರು. ಅವನು ಸುಸ್ಥಿತಿಯಲ್ಲಿದ್ದ ನಲ್ಲಿಯನ್ನು ಬಿಚ್ಚಿ ಜೋಡಿಸಿ, 300 ರೂಪಾಯಿ ಪಡೆದು ಹೋದ. ಈಗ ಅದು ನಿಜವಾಗಿಯೂ ತೊಟ್ಟಿಕ್ಕುತ್ತಿದೆ.

ಆ ಅಪವಾದದಿಂದ ಪಾರಾಗಲೆಂದು ಇಂದು 16 ಸ್ಟೆಪ್‌ಗಳಿಗೂ ಷಡ್ಜವನ್ನೇ ಕೊಟ್ಟು ಗೇಟಿನ ನಾಬನ್ನು ಕೊನೆಯವರೆಗೆ ತಿರುಗಿಸಿದೆ. ನನ್ನ ಯಂತ್ರದಲ್ಲಿ ಹಾಗೆ ಮಾಡಿದರೆ ಒಂದು ಸ್ಟೆಪ್ಪಿನ ಗೇಟು ಮುಚ್ಚುವ ಮೊದಲೇ ಮುಂದಿನದು ತೆರೆದುಕೊಳ್ಳುತ್ತದೆ. ಇನ್ನು ಸಾಕು ಎಂಬ ಅಪ್ಪಣೆ, ಸದ್ದನ್ನು ಏರಿಸಿ ಇಳಿಸುವ ಎನ್ವೆಲಪ್ಪಿಗೆ ತಲುಪುವುದೇ ಇಲ್ಲ. ಹದಿನಾರೂ ಸೇರಿ ಬೆಸುಗೆ ಹಾಕಿದಂತೆ ಒಂದೇ ಅಖಂಡ ‘ಪೀ’ ಆಗುತ್ತದೆ. ಅದನ್ನು ಹಾಗೆಯೇ ಬಿಟ್ಟು ನಾನು ಹಾಲು ತರಲು ಹೋದೆ. ಟ್ಯಾಂಕು ತುಂಬಿದಾಗ ಕೂಗುವ ಅಲಾರಮ್ಮಿನದೂ ಅದೇ ‘ಪೀ’ ಎಂಬುದು ನನಗೆ ಹೊಳೆದಿರಲಿಲ್ಲ.

ಯಜಮಾನರು ಓಡಿಹೋಗಿ ಮೋಟಾರು ನಿಲ್ಲಿಸಿದರು. ಸದ್ದು ನಿಲ್ಲಲಿಲ್ಲ. ಹಾಕಿ ಮತ್ತೆ ನಿಲ್ಲಿಸಿದರು. ಕೊನೆಗೆ ಪಂಚೆ ಎತ್ತಿ ಕಟ್ಟಿ ತಾರಸಿಗೆ ಏರಿ, ಟ್ಯಾಂಕಿನ ಮುಚ್ಚಳ ತೆಗೆದು, “ತಳ ಕಾಣ್ತಿದೆ, ಆದರೂ ತುಂಬಿದೆ ಅಂತ ಬಡ್ಕೊಳ್ತಿದೆಯಲ್ಲ!” ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ, ಅಲಾರಮ್ಮಿನ ತಂತಿಯನ್ನೇ ಕತ್ತರಿಸಿದರು. ಆಗಲೂ ‘ಪೀ’. ನಾನು ಹಾಲಿನ ಪ್ಯಾಕೆಟ್ಟಿನೊಂದಿಗೆ ಬರುವ ಹೊತ್ತಿಗೆ ಟವೆಲು ಹೊದ್ದ ನಾಲ್ವರು ನನ್ನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು.

ಅಮ್ಮ ಶ್ರುತಿಪೆಟ್ಟಿಗೆಯ ತಿದಿಯೊತ್ತುತ್ತ ಕುಳಿತಿದ್ದ ಬೆಳಗುಗಳಲ್ಲಿ ನಮ್ಮ ಹಳೆಯ ಮನೆ ತುಂಬ ಇದೇ ಮುಗಿಯದ ಷಡ್ಜವಿರುತ್ತಿತ್ತು. ಅದು ಕೇಳುತ್ತಿದೆಯೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನಿಂತಾಗ ಮಾತ್ರ, ಅಮ್ಮ ಎದ್ದಳು, ಇನ್ನು ತಿಂಡಿಯಾಗುತ್ತದೆ ಎಂದು ಎಲ್ಲರೂ ತಲೆಯೆತ್ತುತ್ತಿದ್ದೆವು.

ತಂತಿ ಜೋಡಿಸಿದ ಖರ್ಚು ನನ್ನ ತಲೆಗೇ ಬಂದಿದೆ. ಸದ್ಯಕ್ಕೆ ವೇಗವನ್ನು 30ಕ್ಕೆ ಇಳಿಸಿ, ಗೇಟನ್ನು ಸಂಭಾವಿತವಾಗಿ ಶೇ. 50ಕ್ಕೆ ಇಟ್ಟುಕೊಂಡು ಕುಳಿತಿದ್ದೇನೆ. ಕೆಳಗಿನಿಂದ ಯಜಮಾನರ ಧ್ವನಿ ಕೇಳುತ್ತಿದೆ: “ಯಾರ್ರೀ ಅದು ಕಾರು ರಿವರ್ಸ್ ತೆಗೀತಿರೋದು? ಹಿಂದೆ ನನ್ನ ಸ್ಕೂಟರ್ ಇದೆ!”