ನೈಂಟಿ ಆಯಿಲ್, ಹಾಲು ಕಾಫಿ, ಮೇಲಿನ ಬೋಲ್ಟು

ಸಕಲೇಶಪುರದ ಕಡೆ ಜೀಪಿಗೆ ಎರಡೇ ಆಯಿಲ್. ಒಂದು ಇಂಜಿನ್ ಆಯಿಲ್, ಇನ್ನೊಂದು ನೈಂಟಿ, ಅಂದರೆ 90 ನಂಬರಿನ ಗೇರ್ ಆಯಿಲ್. ಗೇರ್‌ಬಾಕ್ಸಿಗೂ ನೈಂಟಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ನೈಂಟಿ, ಹಿಂದಿನ ಹೌಸಿಂಗು ಮುಂದಿನ ಹೌಸಿಂಗು (ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗುಂಡು) ಎರಡಕ್ಕೂ ನೈಂಟಿ, ಸ್ಟೀರಿಂಗ್ ಬಾಕ್ಸಿನಲ್ಲಿ ಕಮ್ಮಿ ಕಂಡರೆ ಅದಕ್ಕೂ ಒಂದಿಷ್ಟು ಅದೇ ಡಬ್ಬದಿಂದ. ಹೌಸಿಂಗ್ ಕೂಗುತ್ತಿದೆ ಅಂದರೆ ನೈಂಟಿ ಇಳಿಸಿ ಅದಕ್ಕಿಂತ ದಪ್ಪನೆಯ ನೂರನಲವತ್ತು ಹಾಕು. ಅಲ್ಲಿಗೆ ಮುಗಿಯಿತು. ನಾನು ಈ ಶಾಸ್ತ್ರವನ್ನೇ ನಂಬಿ ಬೆಳೆದವನು.

ಈಗ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 14 ವರ್ಷ ಆಯಿತು. ಇಲ್ಲಿ ನನ್ನ ಹತ್ತಿರ ಒಂದು ಹಳೇ ಟೊಯೋಟಾ ಪ್ರಾಡೋ ಇದೆ, 120 ಸೀರೀಸ್. ಮೊದಲ ಸಲ ಇಲ್ಲಿನ ಬಿಡಿಭಾಗದ ಅಂಗಡಿಗೆ ಹೋಗಿ "ಗೇರ್ ಆಯಿಲ್" ಅಂತ ಕೇಳಿದಾಗ ಹುಡುಗ ನನ್ನನ್ನು ಒಂದು ಕಪಾಟಿನ ಮುಂದೆ ನಿಲ್ಲಿಸಿ ಹೋದ. 75ಡಬ್ಲ್ಯು-85, 75ಡಬ್ಲ್ಯು-90, 80ಡಬ್ಲ್ಯು-90, 85ಡಬ್ಲ್ಯು-140, ಜಿಎಲ್-4, ಜಿಎಲ್-5, ಎಲ್‌ಎಸ್‌ಡಿ ಬೇರೆ, ಸಿಂಥೆಟಿಕ್ ಬೇರೆ. ಸೀರೆ ಅಂಗಡಿಗೆ ಒಬ್ಬನೇ ಹೋದ ಗಂಡಸಿನ ಹಾಗೆ ನಿಂತಿದ್ದೆ.

ಎರಡೂ ಕಡೆಯ ಪದ್ಧತಿ ನೋಡಿ, ಎರಡೂ ಕಡೆ ದುಡ್ಡು ಕಳೆದುಕೊಂಡು, ಈಗ ನನಗೆ ಅನಿಸಿರುವುದು ಇಷ್ಟು. ಯಾವ ಆಯಿಲ್ ಹಾಕಬೇಕು ಅನ್ನುವ ವಿಷಯದಲ್ಲಿ ಇಲ್ಲಿಯವರು ಸರಿ. ಯಾವಾಗ ಬದಲಾಯಿಸಬೇಕು ಅನ್ನುವ ವಿಷಯದಲ್ಲಿ ನಮ್ಮ ಮಲೆನಾಡಿನವರು ಸರಿ.

ಮೊದಲು ಆಯಿಲ್ ವಿಷಯ. ಹೌಸಿಂಗ್ ಒಳಗಿನ ಕ್ರೌನು-ಪಿನಿಯನ್, ಅಂದರೆ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕದು, ಸಾಮಾನ್ಯ ಹಲ್ಲುಚಕ್ರದ ಹಾಗಲ್ಲ. ಪಿನಿಯನ್ನು ಕ್ರೌನಿನ ನಡುಮಧ್ಯಕ್ಕೆ ಕೂತಿರುವುದಿಲ್ಲ, ಸ್ವಲ್ಪ ಸರಿದು ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಅನ್ನುತ್ತಾರೆ. ಹಾಗಾಗಿ ಹಲ್ಲಿನ ಮೇಲೆ ಹಲ್ಲು ಬರೀ ಉರುಳುವುದಿಲ್ಲ, ಒತ್ತಿಕೊಂಡೇ ಜಾರುತ್ತದೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ಹರಿದೇ ಹೋಗುತ್ತದೆ. ಅದಕ್ಕೇ ಗಂಧಕ, ರಂಜಕ ಇರುವ ಔಷಧಿ ಬೆರೆಸುತ್ತಾರೆ, ಅದು ಹಲ್ಲಿನ ಮೇಲೆ ತೆಳುವಾಗಿ ಲೇಪ ಕಟ್ಟಿ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ನೋಡಿಕೊಳ್ಳುತ್ತದೆ. ಡಬ್ಬದ ಮೇಲಿನ ಜಿಎಲ್ ಅನ್ನುವುದು ಇದರ ದರ್ಜೆ: ಜಿಎಲ್-5ರಲ್ಲಿ ಈ ಔಷಧಿ ಜಾಸ್ತಿ, ಜಿಎಲ್-4ರಲ್ಲಿ ಕಮ್ಮಿ. ಹೌಸಿಂಗಿಗೆ ಜಿಎಲ್-5 ಬೇಕೇ ಬೇಕು.

ಹಾಗಾದರೆ ಎಲ್ಲದಕ್ಕೂ ಅದನ್ನೇ ಹಾಕಿದರಾಯಿತಲ್ಲ ಅಂತ ನಮ್ಮೂರಿನ ಲೆಕ್ಕ. ಅಲ್ಲೇ ಎಡವಟ್ಟು. ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗುಗಳಿರುತ್ತವೆ, ಗೇರ್ ಬೀಳುವ ಮುಂಚೆ ಎರಡೂ ಚಕ್ರದ ವೇಗ ಸಮ ಮಾಡುವ ಬಳೆಗಳು. ಅವು ಕೆಲಸ ಮಾಡುವುದೇ ಉಜ್ಜಿ ಹಿಡಿದುಕೊಳ್ಳುವುದರಿಂದ. ಜಿಎಲ್-5 ಹಾಕಿದರೆ ಅವು ಜಾರುತ್ತವೆ, ಕೆಲವು ಆಯಿಲುಗಳ ಔಷಧಿ ಹಿತ್ತಾಳೆಯನ್ನೇ ತಿನ್ನುತ್ತದೆ. ಅಪ್ಪನ ಮಹೀಂದ್ರಾ ಮೇಜರ್ ಜೀಪಿನಲ್ಲಿ ಬೆಳಗ್ಗೆ ತಣ್ಣಗಿರುವಾಗ ಎರಡನೇ ಗೇರ್ ಕರ್ ಅನ್ನದೆ ಬೀಳುತ್ತಲೇ ಇರಲಿಲ್ಲ. ಎಲ್ಲದಕ್ಕೂ ಒಂದೇ ಡಬ್ಬ ಸುರಿಯುತ್ತಿದ್ದರು, ವರ್ಷಗಟ್ಟಲೆ. ರಜೆಗೆ ಹೋದಾಗ ಗೇರ್‌ಬಾಕ್ಸಿಗೆ ಜಿಎಲ್-4 ಹುಡುಕಿ ಹಾಕಿಸಿದೆ. ಕರಕರ ಪೂರ್ತಿ ಹೋಗಲಿಲ್ಲ, ಸವೆದದ್ದು ಸವೆದೇ ಇರುತ್ತದಲ್ಲ, ಆದರೆ ಅಪ್ಪನಿಗೂ ಗೊತ್ತಾಗುವಷ್ಟು ಕಮ್ಮಿಯಾಯಿತು. ಅಪ್ಪ ಒಪ್ಪಿಕೊಂಡದ್ದು ಬೇರೆ ರೀತಿ: "ಈ ಸಲ ಚಳಿ ಅಷ್ಟಿಲ್ಲ, ಅದಕ್ಕೆ."

ನೂರನಲವತ್ತಿನ ಬಗ್ಗೆಯೂ ಒಂದು ಮಾತು. ಅದು ಕೂಗನ್ನು ಮುಚ್ಚುತ್ತದೆ, ನಿಜ. ದಪ್ಪ ಎಣ್ಣೆ ಹಲ್ಲಿನ ನಡುವೆ ಹಾಸಿಗೆ ಹಾಸಿದ ಹಾಗೆ. ಆದರೆ ಸವೆದ ಬೇರಿಂಗ್, ಸಡಿಲವಾದ ಕ್ರೌನು-ಪಿನಿಯನ್ ಅಲ್ಲೇ ಇರುತ್ತದೆ, ನಿಮಗೆ ಕೇಳಿಸುವುದಿಲ್ಲ ಅಷ್ಟೆ. ಮಾರುವವರು ಜೀಪಿಗೆ ನೂರನಲವತ್ತು ಹಾಕಿ ತೋರಿಸುವುದು ಇದೇ ಕಾರಣಕ್ಕೆ. ತಗೊಳ್ಳುವವರು ಸುಮ್ನೆ ಒಂದು ಸಲ ಹೌಸಿಂಗಿಗೆ ಆಯಿಲ್ ತುಂಬಿಸುವ ಮೇಲಿನ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ.

ಅಂಕಿಗಳಿಗೆ ಹೆದರುವುದು ಬೇಡ. 75ಡಬ್ಲ್ಯು, 80ಡಬ್ಲ್ಯು, 85ಡಬ್ಲ್ಯು ಅನ್ನುವುದೆಲ್ಲ ಚಳಿಯ ಪರೀಕ್ಷೆ. 75ಡಬ್ಲ್ಯುಗೆ ಮೈನಸ್ 40 ಡಿಗ್ರಿಯಲ್ಲಿ, 80ಡಬ್ಲ್ಯುಗೆ ಮೈನಸ್ 26ರಲ್ಲಿ, 85ಡಬ್ಲ್ಯುಗೆ ಮೈನಸ್ 12ರಲ್ಲಿ ಎಣ್ಣೆ ಎಷ್ಟು ಗಟ್ಟಿಯಾಗುತ್ತದೆ ಅಂತ ಅಳೆಯುತ್ತಾರೆ. ಸಕಲೇಶಪುರದಲ್ಲಿ ಡಿಸೆಂಬರ್ ಚಳಿಗೆ ಕಂಬಳಿ ಹೊದ್ದರೂ ಇದರಲ್ಲಿ ಯಾವುದೂ ನಮಗೆ ಅನ್ವಯಿಸುವುದಿಲ್ಲ, ಬ್ರಿಸ್ಬೇನಿಗೂ ಅಷ್ಟೆ. ಡಬ್ಲ್ಯು ಆದಮೇಲೆ ಬರುವ ಅಂಕಿ ಮುಖ್ಯ, ಅದು ಬಿಸಿಯಲ್ಲಿ ಎಷ್ಟು ದಪ್ಪ ಅನ್ನುವುದು. ಇನ್ನೊಂದು ತಮಾಷೆ ಏನೆಂದರೆ ಗೇರ್ ಆಯಿಲಿನ 90 ಅನ್ನುವುದು ಇಂಜಿನ್ ಆಯಿಲಿನ 40-50ರಷ್ಟೇ ದಪ್ಪ. ಅಳತೆಪಟ್ಟಿಯೇ ಬೇರೆ. ಹಾಗಾಗಿ ಊರಿನ ಹಳೇ ಜೀಪಿನ ಹೌಸಿಂಗಿಗೆ ಒಳ್ಳೆ ಕಂಪನಿಯ ಸಾದಾ 80ಡಬ್ಲ್ಯು-90 ಜಿಎಲ್-5 ಸಾಕು, ದುಬಾರಿ ಸಿಂಥೆಟಿಕ್ ತರಿಸಿ ಹಾಕುವ ಶೋಕಿ ಬೇಡ. ನನ್ನ ಪ್ರಾಡೋಗೆ ಮಾತ್ರ ಸಿಂಥೆಟಿಕ್ ಹಾಕುತ್ತೇನೆ, ಯಾಕೆಂದರೆ ಅದು ವರ್ಷಕ್ಕೆರಡು ಸಲ ಮರಳಿನಲ್ಲಿ ದಿನವಿಡೀ ಒದ್ದಾಡುತ್ತದೆ, ಹೌಸಿಂಗ್ ಚೆನ್ನಾಗಿ ಕಾಯುತ್ತದೆ.

ಪಕ್ಕದ ಮನೆಯ ಮುದುಕರ ಗಾಡಿ ನಿಸಾನ್ ಪಟ್ರೋಲ್, ಅದರ ಹಿಂದೆ ಎಲ್‌ಎಸ್‌ಡಿ ಇದೆ, ಅಂದರೆ ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಅದಕ್ಕೆ ಬೇರೆ ಆಯಿಲೇ ಬೇಕು, ಒಳಗೆ ಕ್ಲಚ್ ಪ್ಲೇಟ್ ಥರದ ಬಿಲ್ಲೆಗಳಿರುತ್ತವೆ. ಸಾದಾ ಹಾಕಿದರೆ ಅಂಗಡಿ ಪಾರ್ಕಿಂಗಿನಲ್ಲಿ ಪೂರ್ತಿ ತಿರುಗಿಸುವಾಗ ಹಿಂದಿನಿಂದ ಗಡಗಡ ಅನ್ನುತ್ತದೆ. ಇದು ಬುಕ್ ಓದದೆ ಗೊತ್ತಾಗುವ ಸಂಗತಿ ಅಲ್ಲ.

ಇಷ್ಟು ಹೇಳಿದ್ದಕ್ಕೆ ಇಲ್ಲಿಯವರದೆಲ್ಲ ಸರಿ ಅಂದುಕೊಳ್ಳಬೇಡಿ.

ಪ್ರಾಡೋ ತಗೊಂಡ ಹೊಸದರಲ್ಲಿ ಒಂದು ವರ್ಕ್‌ಶಾಪಿಗೆ ದೊಡ್ಡ ಸರ್ವಿಸಿಗೆ ಬಿಟ್ಟೆ. ಇಲ್ಲಿ ಕೂಲಿಯೇ ಗಂಟೆಗೆ ನೂರು ಡಾಲರ್ ದಾಟುತ್ತದೆ. ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಮುಂದಿನ-ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬದಲಾವಣೆ ಅಂತ. ಸರ್ವಿಸ್ ಬುಕ್ಕಿಗೆ ಸೀಲೂ ಬಿತ್ತು. ಎರಡು ವಾರ ಬಿಟ್ಟು ಬೇರೆ ಯಾವುದೋ ಸದ್ದು ಹುಡುಕಲು ಗಾಡಿ ಅಡಿಗೆ ಮಲಗಿದೆ. ಹಿಂದಿನ ಹೌಸಿಂಗಿನ ಎರಡೂ ಬೋಲ್ಟಿನ ಸುತ್ತ ಹಳೇ ಕೆಸರು ಒಣಗಿ ಸಿಮೆಂಟಿನ ಹಾಗೆ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಫೋನ್ ಮಾಡಿದೆ, ದುಡ್ಡು ವಾಪಸ್ ಕೊಟ್ಟರು, ಕಾರಣ ಕೊಡಲಿಲ್ಲ. ಊರಿನ ಗ್ಯಾರೇಜಿನಲ್ಲಿ ಆಯಿಲ್ ತಪ್ಪು ಹಾಕಿರಬಹುದು, ಆದರೆ ಕಣ್ಣೆದುರೇ ಹಾಕುತ್ತಿದ್ದರು. ನಾವು ಅಲ್ಲೇ ಟೈರಿನ ಮೇಲೆ ಕೂತು ಟೀ ಕುಡಿಯುತ್ತಾ ನೋಡುತ್ತಿದ್ದೆವಲ್ಲ.

ಆಮೇಲಿಂದ ನಾನೇ ಮಾಡುತ್ತೇನೆ. ಕಲಿಸಿದ್ದು ಆ ಪಕ್ಕದ ಮನೆಯವರು. ನಾನು 24ರ ಸಾಕೆಟ್ ಹಿಡಿದು ಕೆಳಗಿನ ಬೋಲ್ಟಿಗೆ ಕೈ ಹಾಕಿದ್ದೆ. ಬೇಲಿ ಆಚೆಯಿಂದಲೇ ಕೇಳಿದರು, "ಮೇಲಿನದು ಬಿಚ್ಚಿದೆಯಾ?" ಇಲ್ಲ ಅಂದೆ. "ಕೆಳಗಿನದು ಬಿಚ್ಚಿ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನದು ಹಿಡಿದುಕೊಂಡರೆ ಏನು ಮಾಡುತ್ತೀಯ?" ಸರಿ ಅಲ್ವಾ. ತುಂಬಿಸುವ ದಾರಿ ತೆರೆಯುವ ಮುಂಚೆ ಖಾಲಿ ಮಾಡಿಬಿಟ್ಟರೆ ಗಾಡಿ ಅಂಗಳದಲ್ಲೇ ಉಳಿಯಿತು. ನಮ್ಮ ಬೋಲ್ಟು ನಿಜವಾಗಿಯೂ ಹಿಡಿದಿತ್ತು. ರೆಂಚಿಗೆ ಉದ್ದನೆ ಪೈಪ್ ತೊಡಿಸಿ ಇಬ್ಬರೂ ಅದುಮಿದ ಮೇಲೆ ಟಕ್ ಅಂತ ಬಿಟ್ಟಿತು.

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಸಮ ನೆಲದಲ್ಲಿ ನಿಲ್ಲಿಸಿ ಇಳಿಸಬೇಕು. ಬೆಚ್ಚಗಿದ್ದರೆ ಕಸವೂ ಜೊತೆಗೆ ಬರುತ್ತದೆ. ವಾಸನೆ ಮಾತ್ರ ದೀಪಾವಳಿ ಮರುದಿನದ ಬೀದಿಯ ಪಕ್ಕ ಕೊಳೆತ ಮೊಟ್ಟೆ ಒಡೆದ ಹಾಗೆ, ಅಂಗಿಗೆ ತಾಗಿದರೆ ಆ ಅಂಗಿ ಗ್ಯಾರೇಜಿಗೇ ಮೀಸಲು. ಕೆಳಗಿನ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಒರೆಸಿ ಬಿಸಾಡುವ ಮುಂಚೆ ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ಕಣ್ಣಿನ ಕಾಡಿಗೆಯ ಹಾಗೆ ನುಣ್ಣಗಿದ್ದರೆ ಮಾಮೂಲಿ ಸವೆತ. ಚುಚ್ಚಿದರೆ, ಹೊಳೆಯುವ ಚೂರು ಸಿಕ್ಕರೆ, ಒಳಗೆ ಹಲ್ಲೋ ಬೇರಿಂಗೋ ಹೋಗುತ್ತಿದೆ. ವಾಷರ್ ಹೊಸದು ಹಾಕಿ, ಕೈಪಂಪಿನಲ್ಲಿ ಮೇಲಿನ ತೂತಿನಿಂದ ಹೊರಗೆ ಸೋರಲು ಶುರುವಾಗುವವರೆಗೆ ತುಂಬಿಸಿದರೆ ಮುಗಿಯಿತು. ಹಿಂದಿನದಕ್ಕೆ ಮೂರು ಲೀಟರಿನ ಹತ್ತಿರ, ಮುಂದಿನದಕ್ಕೆ ಅದರ ಅರ್ಧ.

ಈಗ ಯಾವಾಗ ಅನ್ನುವ ಪ್ರಶ್ನೆ. ಇಲ್ಲಿ ನನ್ನ ಸ್ನೇಹಿತರೆಲ್ಲ 40,000 ಕಿಲೋಮೀಟರ್ ಅಂತ ಬಾಯಿಪಾಠ ಹೇಳುತ್ತಾರೆ. ಕಪ್ಪು ರಸ್ತೆಯಲ್ಲಿ ಓಡುವ ಗಾಡಿಗೆ ಸರಿ. ಆದರೆ ಹೌಸಿಂಗಿನ ಶತ್ರು ಕಿಲೋಮೀಟರ್ ಅಲ್ಲ, ನೀರು.

ಇದನ್ನು ಚಿಕ್ಕಂದಿನಲ್ಲೇ ತೋರಿಸಿಕೊಟ್ಟವರು ನಮ್ಮೂರಿನ ಮೆಕ್ಯಾನಿಕ್ಕು. ಮಳೆಗಾಲ ಮುಗಿಯುತ್ತಿದ್ದ ಹಾಗೆ, ಮೀಟರ್ ಕಡೆ ತಿರುಗಿಯೂ ನೋಡದೆ, ತೋಟದ ಜೀಪುಗಳನ್ನೆಲ್ಲ ಒಂದೊಂದಾಗಿ ಕರೆಸಿ ಮೇಲಿನ ಬೋಲ್ಟ್ ಬಿಚ್ಚಿ ಕಿರುಬೆರಳು ತೂರಿಸುತ್ತಿದ್ದರು. "ನೋಡು ತಮ್ಮಾ, ಡಿಕಾಕ್ಷನ್ ಥರ ಇದ್ರೆ ಬಿಡು. ಹಾಲು ಹಾಕಿದ ಕಾಫಿ ಥರ ಇದ್ರೆ ನೀರು ಹೋಗಿದೆ ಅಂತ." ಕಾಫಿ ಸೀಮೆಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? "ಗೌಡ್ರೇ, ಹೋದ ತಿಂಗಳು ಹಾಕಿದ್ರೂ ಅಷ್ಟೇ, ಇಳಿಸಲೇಬೇಕು" ಅಂತ ಅಪ್ಪನಿಗೆ ಮುಲಾಜಿಲ್ಲದೆ ಹೇಳುತ್ತಿದ್ದರು.

ನೀರು ಹೋಗುವುದು ಹೇಗೆ ಅಂದರೆ, ಗುಡ್ಡ ಹತ್ತಿ ಇಳಿದ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಾಗೇ ಹಳ್ಳಕ್ಕೆ ಇಳಿಸಿದರೆ ತಣ್ಣನೆ ನೀರಿಗೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಉಸಿರಾಡಲಿ ಅಂತ ಮೇಲೊಂದು ಬ್ರೀದರ್ ಇಟ್ಟಿರುತ್ತಾರೆ. ಅದಕ್ಕೆ ಕೆಸರು ಮೆತ್ತಿದ್ದರೆ, ಇಲ್ಲವೇ ಅದೇ ನೀರಿನಲ್ಲಿ ಮುಳುಗಿದ್ದರೆ, ಸೀಲಿನ ಸಂದಿಯಿಂದಲೋ ಬ್ರೀದರಿನಿಂದಲೋ ನೀರೇ ಒಳಗೆ ಬರುತ್ತದೆ. ಇಲ್ಲಿಯವರು ಆ ಬ್ರೀದರಿಗೆ ಉದ್ದನೆ ಪೈಪ್ ಸಿಕ್ಕಿಸಿ ಇಂಜಿನ್ ಪಕ್ಕ ಎತ್ತರಕ್ಕೆ ಕಟ್ಟುತ್ತಾರೆ. ಬಹಳ ಅಗ್ಗದ, ಬಹಳ ಜಾಣ ಕೆಲಸ. ನಮ್ಮ ಕಡೆ ಮಾಂದಲಪಟ್ಟಿ, ಹೆಬ್ಬೆ ಫಾಲ್ಸ್ ಅಂತ ದಿನವೂ ಹತ್ತಿಳಿಯುವ ಜೀಪುಗಳಿಗೆ ಇದನ್ನು ಯಾಕೆ ಹಾಕಿಸಬಾರದು?

ಹೋದ ವರ್ಷ ಕುಟುಂಬದ ಜೊತೆ ಫ್ರೇಸರ್ ಐಲೆಂಡಿಗೆ ಹೋಗಿದ್ದೆವು. 2023ರಿಂದ ಅದರ ಅಧಿಕೃತ ಹೆಸರು ಅಲ್ಲಿನ ಮೂಲ ಜನರು ಕರೆಯುವ ಹೆಸರೇ, K'gari, ಉಚ್ಚಾರ ಹೆಚ್ಚುಕಮ್ಮಿ ನಮ್ಮ ತೆಂಗಿನ ಗರಿಯ ಗರಿ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ರಸ್ತೆ ಅಂದರೆ ಸಮುದ್ರದ ದಡವೇ, ನಡುನಡುವೆ ಸಿಹಿನೀರಿನ ತೊರೆಗಳು. ಮರಳಿನಲ್ಲಿ ಕಾದ ಹೌಸಿಂಗು ನೇರ ತೊರೆಗೆ. ನನ್ನದೋ ಆಯಿಲ್ ಹಾಕಿ ಬರೀ 6,000 ಕಿಲೋಮೀಟರ್, ಬ್ರೀದರ್ ಪೈಪ್ ಆಗ ಇನ್ನೂ ಹಾಕಿಸಿರಲಿಲ್ಲ. ವಾಪಸ್ ಬಂದು ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿದೆ. ಹಿಂದಿನದು ಡಿಕಾಕ್ಷನ್. ಮುಂದಿನದು ಅಪ್ಪಟ ಹಾಲು ಕಾಫಿ, ಅದೂ ಹಾಲು ಸ್ವಲ್ಪ ಜಾಸ್ತಿ. ಸ್ನೇಹಿತರ 40,000ದ ಲೆಕ್ಕ ನಂಬಿದ್ದರೆ ಇನ್ನೂ 34,000 ಓಡಿಸುತ್ತಿದ್ದೆ.

ಇಳಿಸಿದ ಆಯಿಲನ್ನು ಏನು ಮಾಡುವುದು ಅನ್ನುವುದರಲ್ಲಿ ಮಾತ್ರ ಊರಿನ ಪರ ವಾದಿಸಲಾರೆ. ಇಲ್ಲಿ ಡಬ್ಬಕ್ಕೆ ತುಂಬಿಸಿ ಕೌನ್ಸಿಲ್ಲಿನ ಕಸದ ಕೇಂದ್ರಕ್ಕೆ ಒಯ್ದು ದೊಡ್ಡ ಟ್ಯಾಂಕಿಗೆ ಸುರಿದು ಬರುತ್ತೇವೆ. ಊರಿನಲ್ಲಿ ಗೆದ್ದಲು ಹಿಡಿಯದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯುತ್ತಾರೆ, ಉಳಿದದ್ದು ಗ್ಯಾರೇಜಿನ ಹಿಂದೆ ಮಣ್ಣಿಗೆ. ಹಿಂದೆ ಹರಿಯುವುದು ಹೇಮಾವತಿಗೆ ಸೇರುವ ಹಳ್ಳ.

ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಬ್ಯಾಗಿನಲ್ಲಿ ಐದು ಮೀಟರ್ ಬ್ರೀದರ್ ಪೈಪು, ನಾಲ್ಕು ಕ್ಲಿಪ್ಪು ಇವೆ. ಊರಿನಲ್ಲಿ ಸಿಗುವುದಿಲ್ಲ ಅಂತಲ್ಲ, ಫಾರಿನ್ನಿಂದ ತಂದದ್ದು ಅಂದರೆ ಅಪ್ಪ ಹಾಕಿಸಲು ಬಿಟ್ಟರೂ ಬಿಡಬಹುದು ಅಂತ. ಫೋನಿನಲ್ಲಿ ಹೇಳಿದ್ದಕ್ಕೆ, "ಜೀಪಿಗೆ ಡ್ರಿಪ್ಸ್ ಹಾಕ್ತೀಯೇನೋ?" ಅಂದರು.