ಪರ-ವಿರೋಧ: ಅಪರಾಧದಲ್ಲಿ ಗಾಯಗೊಂಡವರ ಪರಿಹಾರಕ್ಕೆ ವಕೀಲರು ಬೇಕೇ ಬೇಕೆ?

ಪರ: ಠಾಣೆಯಿಂದಲೇ ವಕೀಲರಿರಲಿ

ಆರೋಪಿಯ ಬಳಿ ಕಾಸಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಕೊಡಲಿ, ತಕರಾರಿಲ್ಲ. ಏಟು ತಿಂದವರಿಗೆ? ‘ನಿಮಗೆ ಸರ್ಕಾರಿ ಅಭಿಯೋಜಕರಿದ್ದಾರಲ್ಲ’ ಎನ್ನುತ್ತಾರೆ. ಅವರಿರುವುದು ಸರ್ಕಾರದ ಪರ. ಶಿಕ್ಷೆ ಕೊಡಿಸುವುದು ಅವರ ಕೆಲಸ. ಆಸ್ಪತ್ರೆಗೆಂದು ಮಾಡಿದ ಸಾಲ ಅವರ ಫೈಲಿಗೆ ಬರುವುದೇ ಇಲ್ಲ.

ಸಂತ್ರಸ್ತರಿಗೆ ಸರ್ಕಾರದ ನಿಧಿಯಿಂದ ಪರಿಹಾರ ಕೊಡುವ, ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ ಜಾರಿಗೆ ಬಂದದ್ದು 2009ರ ಕೊನೆಯ ದಿನ. ಕರ್ನಾಟಕದ ಯೋಜನೆ 2011ರದ್ದು. 2024ರ ಜುಲೈನಿಂದ ಅದೇ ಕಲಂ ಆ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396 ಆಗಿದೆ. ನಂಬರು ಬದಲಾಯಿತು, ಜನಕ್ಕೆ ಹಳೆಯದೂ ಗೊತ್ತಿಲ್ಲ, ಹೊಸದೂ ಗೊತ್ತಿಲ್ಲ. ಹೊಡೆದವನು ಯಾರೆಂದು ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದೆಂದು ಹೇಳುವವರು ಯಾರು?

ವಕೀಲಿಕೆ ಮಾಡುವ ನನ್ನ ಬಳಿ ಬಂದ ಒಬ್ಬಾಕೆಯ ವಿಷಯ ಹೇಳಲೇಬೇಕು. ಅಡಿಕೆ ಸುಲಿಯುವ ಕೆಲಸ. ಬೇಲಿ ಜಗಳದಲ್ಲಿ ಬಲಗೈಗೆ ಮಚ್ಚಿನ ಏಟು. ಗಾಯ ಮಾಗಿತು, ಎರಡು ಬೆರಳು ಮಡಚುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಒಂದೊಂದೇ ಕಾಯಿ ಹಿಡಿಯಲು ಹೋಗಿ ಕೈಜಾರಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯವರು ಗಾಯದ ಬಗ್ಗೆ ಬರೆದುಕೊಡುವ ವುಂಡ್ ಸರ್ಟಿಫಿಕೇಟಿನಲ್ಲಿ ಇದ್ದದ್ದು ಗಾಯದ ಉದ್ದ, ಆಳ, ‘ತೀವ್ರ ಗಾಯ’ ಎಂಬ ಷರಾ. ಬೆರಳಿನ ಮಾತೇ ಇಲ್ಲ. ಆದರೆ ಮಹಿಳಾ ಸಂತ್ರಸ್ತರ 2018ರ ಯೋಜನೆಯಲ್ಲಿ ಇಂಥ ಗಾಯಕ್ಕೆ ಮೊತ್ತ ನಿಲ್ಲುವುದು ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದರ ಮೇಲೆ. 20, 40, 80 ಎಂದು ಗೆರೆಗಳಿವೆ. ಆಕೆ ಬರೀ ಆ ಹಾಳೆ ಹಿಡಿದು ಹೋಗಿದ್ದರೆ? ವೈದ್ಯಕೀಯ ಮಂಡಳಿಗೆ ಕಳಿಸಬೇಕು, ಕೇಸು ಮುಗಿಯುವ ಮೊದಲೇ ಸಿಗುವ ಮಧ್ಯಂತರ ಪರಿಹಾರ ಕೇಳಬೇಕು ಎಂಬುದು ಹೊಳೆದದ್ದು ವಕೀಲರಿಗೆ ಹೊರತು ಠಾಣೆಯವರಿಗಲ್ಲ. ‘ಕೇಸು ಮುಗೀಲಿ, ಆಮೇಲೆ ನೋಡೋಣ ಕಣಮ್ಮ’ ಎಂದೇ ಅಲ್ಲಿ ಸಾಗಹಾಕಿದ್ದರು.

ಇನ್ನು ವಕೀಲರು ಪರಿಹಾರದಲ್ಲಿ ಪಾಲು ಕೇಳುತ್ತಾರೆಂಬ ಮಾತು. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಗಾಗಿ ಆ ಚರ್ಚೆ ಇಲ್ಲಿ ಬೇಡ.

ವಿರೋಧ: ಮೊದಲು ಅರ್ಜಿ ಸರಿಮಾಡಿ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ನ್ಯಾಯಾಲಯದ ಕಚೇರಿಯಲ್ಲಿ ಫೈಲು ಹೊತ್ತ ನನಗೆ ಹೇಳಿದರು. ಬರೆಯುತ್ತೇನೆ.

ವಕೀಲ ಮಿತ್ರರ ಮಾತು ಕೇಳಿದರೆ ಕಪ್ಪು ಕೋಟಿಲ್ಲದೆ ಗಾಯವೂ ಮಾಗದೇನೋ ಅನಿಸುತ್ತದೆ! ಎಫ್‌ಐಆರ್ ಸರ್ಕಾರದ್ದು, ಸರ್ಟಿಫಿಕೇಟು ಬಹುಪಾಲು ಸರ್ಕಾರಿ ಆಸ್ಪತ್ರೆಯದ್ದು, ಹಣವೂ ಸರ್ಕಾರದ್ದು. ಒಂದು ಕಚೇರಿಯಲ್ಲಿರುವ ಕಾಗದವನ್ನು ಇನ್ನೊಂದಕ್ಕೆ ಸಾಗಿಸಲು ಕೈ ಮುರಿದುಕೊಂಡವರೇ ವಕೀಲರನ್ನು ಹುಡುಕಬೇಕೆ? ಆ್ಯಸಿಡ್ ದಾಳಿಗೆ ಕನಿಷ್ಠ 3 ಲಕ್ಷ, ಅದರಲ್ಲಿ 1 ಲಕ್ಷ 15 ದಿನದೊಳಗೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ, ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಪ್ರಕರಣದಲ್ಲಿ ಹೇಳಿತು. ಇದರಲ್ಲಿ ವಾದ ಮಾಡುವಂಥದ್ದು ಏನಿದೆ? ಪ್ರಾಧಿಕಾರವು ವಿಚಾರಣೆ ಮುಗಿಸಲು ಕಾನೂನೇ ಎರಡು ತಿಂಗಳ ಗಡುವು ಹಾಕಿದೆ. ವಕಾಲತ್ತು, ಮುಂದಿನ ತಾರೀಖು ಎಂದು ಶುರುವಾದರೆ ಆ ಎರಡು ತಿಂಗಳ ಗತಿ ಏನಾದೀತು ಎಂಬುದು ನಮ್ಮಂಥ ಗುಮಾಸ್ತರಿಗೆ ಗೊತ್ತು.

ಪಾಲಿನ ವಿಷಯ. ನಿಯಮ ಇರಬಹುದು. ಮೋಟಾರು ಅಪಘಾತದ ಕೇಸುಗಳ ಕಾರಿಡಾರಿನಲ್ಲಿ ಒಂದು ಮಧ್ಯಾಹ್ನ ನಿಂತು ಬನ್ನಿ ಸ್ವಾಮಿ.

ಅಡಿಕೆ ಸುಲಿಯುವ ಆ ಹೆಣ್ಣುಮಗಳ ವಿಷಯದಲ್ಲಿ ನನಗೂ ಉತ್ತರ ತೋಚುತ್ತಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದ್ದಾರೆ. ದೂರುದಾರರಿಗೆ ಬಿಟ್ಟಿ ಕೊಡುವ ಎಫ್‌ಐಆರ್ ಪ್ರತಿಯ ಅಡಿಯಲ್ಲಿ ಕಾನೂನು ಸೇವೆಯ 15100 ನಂಬರನ್ನೂ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕೆಂಬುದನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದಾದ ಮೇಲೂ ವಕೀಲರು ಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ.