ಚಿಪ್ ಕಂಪನಿಗೆ, ಚಿಪ್ಪು ನೌಕರರಿಗೆ

2024ರ ಆಗಸ್ಟ್ 1ರಂದು ಕಂಪ್ಯೂಟರ್ ಚಿಪ್ ತಯಾರಿಸುವ ಅಮೆರಿಕದ ಇಂಟೆಲ್ ಕಂಪನಿ ತನ್ನ ಕಷ್ಟ ಹೇಳಿಕೊಂಡಿತು. ಖರ್ಚು ಜಾಸ್ತಿಯಾಗಿದೆ, ಸುಮಾರು 15 ಸಾವಿರ ಜನರನ್ನು ಮನೆಗೆ ಕಳಿಸುತ್ತೇವೆ ಎಂದಿತು. ಉಳಿತಾಯದ ಭರದಲ್ಲಿ ಆಫೀಸಿನ ಬಿಟ್ಟಿ ಕಾಫಿ, ಟೀ, ಹಣ್ಣಿಗೂ ಕತ್ತರಿ ಬಿತ್ತು. ನವೆಂಬರ್ ಹೊತ್ತಿಗೆ ಉಳಿದವರ ಮುಖ ಬಾಡಿದ್ದು ಯಾರ ಕಣ್ಣಿಗೋ ಬಿದ್ದಿರಬೇಕು, ಕಾಫಿ ಟೀ ವಾಪಸ್ ಬಂದವು. ಹಣ್ಣು ಬರಲಿಲ್ಲ. ಮನೆಗೆ ಹೋದವರೂ ಬರಲಿಲ್ಲ. ಅದೇ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಈ ಕಂಪನಿಗೆ 7.86 ಬಿಲಿಯನ್ ಡಾಲರ್ ಅನುದಾನ ಗಟ್ಟಿ ಮಾಡಿತು. ಆಗಿನ ಲೆಕ್ಕಕ್ಕೆ ಸುಮಾರು 66 ಸಾವಿರ ಕೋಟಿ ರೂಪಾಯಿ. ಯಾತಕ್ಕೆ ಅಂತೀರಾ? ದೇಶದಲ್ಲಿ ಚಿಪ್ ತಯಾರಾಗಲಿ, ಜನಕ್ಕೆ ಕೆಲಸ ಸಿಗಲಿ ಅಂತ.

ಯಾರೋ ಗುಮಾಸ್ತ ಫೈಲು ಅದಲು ಬದಲು ಮಾಡಿದ ಅಂದುಕೊಳ್ಳಬೇಡಿ. ಎಲ್ಲ ಕಾನೂನು ಪ್ರಕಾರವೇ ಆಗಿದ್ದು. 2022ರ ಆಗಸ್ಟಿನಲ್ಲಿ ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ ಚಿಪ್ಸ್ ಕಾಯ್ದೆಯಲ್ಲಿ ಕಾರ್ಖಾನೆ ಕಟ್ಟುವವರಿಗೆ ಅಂತಲೇ 39 ಬಿಲಿಯನ್ ಡಾಲರ್ ಎತ್ತಿಟ್ಟಿದ್ದರು. ನಾಳೆ ಚೀನಾ ತೈವಾನಿನ ಮೇಲೆ ಬಿದ್ದರೆ ನಮಗೆ ಚಿಪ್ ಕೊಡುವವರು ಯಾರು ಅನ್ನೋ ಭಯ ಒಂದು ಕಡೆ. ಹೊರದೇಶಕ್ಕೆ ಹೋದ ಕಾರ್ಖಾನೆ ಕೆಲಸ ಊರಿಗೆ ವಾಪಸ್ ಬರಲಿ ಅನ್ನೋ ಆಸೆ ಇನ್ನೊಂದು ಕಡೆ. ಭಯಕ್ಕೆ ದುಡ್ಡು ಸಿಕ್ಕಿತು, ಆಸೆಗೆ ಭಾಷಣ ಸಿಕ್ಕಿತು.

ಷರತ್ತೇ ಇರಲಿಲ್ಲ ಅಂತಲ್ಲ. 150 ಮಿಲಿಯನ್ ಡಾಲರಿಗಿಂತ ಜಾಸ್ತಿ ಕೇಳುವ ಕಂಪನಿ ತನ್ನ ಕೆಲಸಗಾರರ ಮಕ್ಕಳನ್ನು ಎಲ್ಲಿ, ಹೇಗೆ ನೋಡಿಕೊಳ್ಳುತ್ತೆ ಅಂತ ಪ್ಲಾನ್ ಬರೆದುಕೊಡಬೇಕಿತ್ತು. ಎಂಥ ತಾಯಿಕರುಳು ನೋಡಿ! ಕೂಸಿನ ಯೋಗಕ್ಷೇಮ ಅರ್ಜಿಯಲ್ಲೇ ಇತ್ತು. ಅಪ್ಪ ಅಮ್ಮನ ಲೇಆಫ್ ಮಾತ್ರ ಚೆಕ್ಕಿಗೆ ಅಡ್ಡ ಬರಲಿಲ್ಲ. ಹಾಗೆ ನೋಡಿದರೆ ಅದೂ ಒಂದು ವ್ಯವಸ್ಥೆಯೇ. ಅಮ್ಮನ ಕೆಲಸ ಹೋದರೆ ಕೂಸನ್ನು ಅಮ್ಮನೇ ನೋಡಿಕೊಳ್ಳುತ್ತಾಳೆ, ಡೇಕೇರ್ ಖರ್ಚೂ ಉಳಿಯುತ್ತೆ.

ನಮ್ಮ ಕಡೆ ರೈತ ಒಂದೆಕರೆಗೆ ಡ್ರಿಪ್ ಪೈಪು ಹಾಕಿಸಿ ಸಬ್ಸಿಡಿ ಕೇಳಲಿ ನೋಡೋಣ. ಪಹಣಿ ಎಲ್ಲಿ, ಆಧಾರ್ ಎಲ್ಲಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಿ? ಪೈಪಿನ ಪಕ್ಕ ಖುದ್ದು ನಿಂತು ಜಿಪಿಎಸ್ ಫೋಟೋ ಬೇರೆ ತೆಗೆಸಬೇಕು. ಪೈಪಿಗೆ ರೈತ ಸಾಕ್ಷಿ, ರೈತನಿಗೆ ಪೈಪು ಸಾಕ್ಷಿ. ಬಿಲಿಯನ್ನುಗಟ್ಟಲೆ ಕೊಡುವಾಗ, ಹೊಸ ಗೋಡೆಯ ಪಕ್ಕ ಹಳೇ ಕೆಲಸಗಾರರನ್ನು ನಿಲ್ಲಿಸಿ ಒಂದು ಫೋಟೋ ಕಳಿಸಿ ಅಂತ ಕೇಳುವ ಜಾಣತನ ವಾಷಿಂಗ್ಟನ್ನಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಗುದ್ದಲಿ ಪೂಜೆಯಲ್ಲಿ ಮಾತ್ರ ಅವರೂ ನಮಗೆ ಕಡಿಮೆ ಇಲ್ಲ. ಓಹಾಯೋ ರಾಜ್ಯದ ಕೊಲಂಬಸ್ ಊರಿನಾಚೆ ಸಾವಿರ ಎಕರೆ ಖಾಲಿ ಜಾಗ. ಅದನ್ನು ಬೈಡನ್ 2022ರ ಮಾರ್ಚಿನಲ್ಲೇ ಸಂಸತ್ತಿನ ಭಾಷಣದಲ್ಲಿ ಹಾಡಿ ಹೊಗಳಿದ್ದರು. ಸೆಪ್ಟೆಂಬರಿನಲ್ಲಿ ತಾವೇ ಹೋಗಿ ಪೂಜೆಗೂ ನಿಂತರು. 2025ಕ್ಕೆ ಚಿಪ್ ಹೊರಗೆ ಬರುತ್ತೆ, ಕಂಪನಿಯಲ್ಲೇ 3 ಸಾವಿರ ಕೆಲಸ ಅಂದರು. 2025 ಬಂತು. ಚಿಪ್ ಬರಲಿಲ್ಲ, ಹೊಸ ತಾರೀಕು ಬಂತು. ಮೊದಲನೇ ಕಾರ್ಖಾನೆ ಶುರುವಾಗುವುದು 2030ಕ್ಕೆ, ಇಲ್ಲವೇ 2031ಕ್ಕೆ ಅಂತ. ಜರ್ಮನಿಯ ಮ್ಯಾಗ್ಡೆಬರ್ಗ್‌ನವರ ಪುಣ್ಯ, ಸುಮಾರು 10 ಬಿಲಿಯನ್ ಯೂರೋ ಸಬ್ಸಿಡಿ ಹಿಡಿದುಕೊಂಡು ಕಾಯುತ್ತಿದ್ದಾಗ ಕಂಪನಿಯೇ 2025ರ ಜುಲೈನಲ್ಲಿ ಬರೋದಿಲ್ಲ ಅಂದುಬಿಟ್ಟಿತು.

ಕಂಪನಿಗೆ ಹೀಗೆ ಐದಾರು ವರ್ಷ ಮುಂದೂಡುವ ಸೌಕರ್ಯ ಇದೆ. ಒರೆಗಾನಿನ ಹಿಲ್ಸ್‌ಬರೋ, ಆರಿಜೋನಾದ ಚಾಂಡ್ಲರ್ ಕಡೆ ಇಂಟೆಲ್‌ನ ದೊಡ್ಡ ಕಾರ್ಖಾನೆಗಳಿವೆ. ಅಲ್ಲಿ ನಮ್ಮ ಕನ್ನಡದ ಮನೆಗಳೂ ಇವೆ. ಎಚ್-1ಬಿ ವೀಸಾದಲ್ಲಿರುವ ಹುಡುಗನ ಕೆಲಸ ಹೋದರೆ ಸರ್ಕಾರ ಅವನಿಗೆ ಕೊಡುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ನನ್ನ ಕೆಲಸದ ಹುಡುಕಾಟವೂ 2031ಕ್ಕೆ ಮುಗಿಯುತ್ತೆ ಸ್ವಾಮಿ ಅಂತ ಅವನು ವೀಸಾ ಕಚೇರಿಗೆ ಬರೆದುಕೊಟ್ಟರೆ ನಡೆಯುತ್ತಾ?

ಕಂಪನಿಗೆ ನಿಜವಾಗಿಯೂ ಕಷ್ಟ ಇತ್ತು, ಸುಳ್ಳು ಹೇಳಬಾರದು. 2024ರಲ್ಲಿ 18.8 ಬಿಲಿಯನ್ ಡಾಲರ್ ನಷ್ಟ. ಚಿಪ್ ತಯಾರಿಕೆಯಲ್ಲಿ ತೈವಾನಿನ ಟಿಎಸ್‌ಎಂಸಿ ಮುಂದೆ ಹೋಯಿತು, ಎಐ ಚಿಪ್‌ನಲ್ಲಿ ಎನ್‌ವಿಡಿಯಾ ಹಬ್ಬ ಮಾಡಿತು. ಆದರೆ ಇದೇ ಕಂಪನಿ 2019, 2020 ಎರಡೇ ವರ್ಷದಲ್ಲಿ 27 ಬಿಲಿಯನ್ ಡಾಲರಿಗೂ ಜಾಸ್ತಿ ಸುರಿದು ತನ್ನ ಷೇರನ್ನು ತಾನೇ ಕೊಂಡುಕೊಂಡಿತ್ತು. ಷೇರುದಾರರು ಖುಷಿಯಾಗಲಿ ಅಂತ. ಆಮೇಲೆ ಕಾರ್ಖಾನೆ ಕಟ್ಟಲು ಕೈಯಲ್ಲಿ ಕಾಸಿಲ್ಲ ಅಂತ ಸರ್ಕಾರದ ಬಾಗಿಲಿಗೆ ಬಂತು. ಆ ಷೇರು ಖರೀದಿಯ ದುಡ್ಡು, ಸಿಕ್ಕ ಅನುದಾನದ ಮೂರು ಪಟ್ಟಿಗೂ ಜಾಸ್ತಿ.

ಇನ್ನು 2025ರ ಆಗಸ್ಟ್. ಇಂಟೆಲ್‌ನ ಹೊಸ ಮುಖ್ಯಸ್ಥ ಲಿಪ್-ಬು ಟಾನ್ ತಕ್ಷಣ ರಾಜೀನಾಮೆ ಕೊಡಬೇಕು ಅಂತ ಟ್ರಂಪ್ ಗುಡುಗಿದರು. ಎರಡೇ ವಾರ. ರಾಜೀನಾಮೆ ಮರೆತೇ ಹೋಯಿತು, ಸರ್ಕಾರವೇ ಕಂಪನಿಯಲ್ಲಿ ಸುಮಾರು ಶೇ 10 ಪಾಲು ತಗೊಂಡಿತು. ಷೇರಿಗೆ 20.47 ಡಾಲರಿನಂತೆ 43 ಕೋಟಿಗೂ ಜಾಸ್ತಿ ಷೇರು. ಕೊಡಬೇಕಿದ್ದ ಅನುದಾನವನ್ನೇ ಷೇರಿನ ಬೆಲೆ ಅಂತ ಲೆಕ್ಕ ಹಾಕಿದರು. ಸರ್ಕಾರಕ್ಕೇಕಯ್ಯಾ ಕಾರ್ಖಾನೆ ಅಂತ ಜಗತ್ತಿಗೆಲ್ಲ ಪಾಠ ಮಾಡಿದ ದೇಶ ಅದು. ನಮ್ಮ ಎಚ್‌ಎಂಟಿಯವರು ಇದನ್ನು ನೋಡಿ ಒಂದು ಸಲ ಗಡಿಯಾರ ನೋಡಿಕೊಂಡಿರಬೇಕು.

ಈ ಒಪ್ಪಂದದಲ್ಲಿ ಒಂದು ಸಣ್ಣ ಕಲಮು ಇದೆ. ಅದಾಗಲೇ ಕೊಟ್ಟಿದ್ದ 2.2 ಬಿಲಿಯನ್ ಡಾಲರಿಗೆ ಒಂದು ಕಟ್ಟುಪಾಡು ಇತ್ತು. ಮಾತು ತಪ್ಪಿದರೆ ದುಡ್ಡು ವಾಪಸ್, ಲಾಭ ಜಾಸ್ತಿ ಬಂದರೆ ಅದರಲ್ಲಿ ಪಾಲು. ಅದನ್ನು ತೆಗೆದುಹಾಕಿದರು. ಸರ್ಕಾರಕ್ಕೆ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿಯೂ ಬೇಡವಂತೆ. ಪಾಲು ನಮ್ಮದು, ಮಾತು ನಿಮ್ಮದು.

ಈಗ ಕಥೆಗೆ ಮಜಾ ಬಂತು. ಆ ವರ್ಷದ ಕೊನೆಗೆ ನೌಕರರನ್ನು ಸುಮಾರು 75 ಸಾವಿರಕ್ಕೆ ಇಳಿಸುತ್ತೇವೆ ಅಂತ ಕಂಪನಿ ಜುಲೈನಲ್ಲೇ ಹೇಳಿಯಾಗಿತ್ತು. ಮೊದಲು ಜನರನ್ನು ತೆಗೆದರೆ ಸರ್ಕಾರ ಕಡೇಪಕ್ಷ ಮುಖ ಸಿಂಡರಿಸಬಹುದಿತ್ತು. ಈಗ ಅದೂ ಷೇರುದಾರ. ಸಂಬಳದ ಖರ್ಚು ಇಳಿದು ಷೇರು ಏರಿದರೆ ಅದಕ್ಕೂ ಲಾಭ. ಷೇರು ಏರಿತು ಕೂಡ. ಕೆಲಸ ಕೊಡಿಸಲು ಹೋದ ಸರ್ಕಾರವನ್ನು ಕೆಲಸ ಹೋದರೆ ಖುಷಿಪಡುವ ಜಾಗಕ್ಕೆ ತಂದು ಕೂರಿಸಿದ ಜಾಣರು ಯಾರೋ, ಅವರಿಗೊಂದು ಪೇಟ ತೊಡಿಸಬೇಕು.

ಇಂಥದ್ದಕ್ಕೆ ಲೆಕ್ಕ ಹಾಕುವ ದಾರಿ ತೋರಿಸಿದ್ದು ನಮ್ಮವರೇ. 2024ರ ಜೂನ್‌ನಲ್ಲಿ, ಕೇಂದ್ರದಲ್ಲಿ ಭಾರಿ ಕೈಗಾರಿಕೆ ಸಚಿವರಾದ ಹೊಸತರಲ್ಲಿ, ಎಚ್.ಡಿ. ಕುಮಾರಸ್ವಾಮಿ ಬೆಂಗಳೂರಿನಲ್ಲಿ ಬಾಯಿ ತಪ್ಪಿ ಗಣಿತ ಹೇಳಿಬಿಟ್ಟರು. ಗುಜರಾತಿನಲ್ಲಿ ಬರುವ ಸೆಮಿಕಂಡಕ್ಟರ್ (ಅಂದರೆ ಚಿಪ್) ಘಟಕಕ್ಕೆ 2 ಬಿಲಿಯನ್ ಡಾಲರ್ ಸಬ್ಸಿಡಿ, ಹುಟ್ಟುವ ಕೆಲಸ 5 ಸಾವಿರ. ಹಾಗಾದರೆ ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಏನು ಕೊಟ್ಟಿದ್ದೇವೆ ಅಂತ ಕೇಳಿದರು. ಗದ್ದಲವಾಯಿತು, ಕೂಡಲೇ ಸ್ಪಷ್ಟನೆಯೂ ಬಂತು. ಸಚಿವರು ಸ್ಪಷ್ಟನೆ ಕೊಡಬಹುದು, ಭಾಗಾಕಾರ ಸ್ಪಷ್ಟನೆ ಕೊಡಲ್ಲ. ತಲೆಗೆ 4 ಲಕ್ಷ ಡಾಲರ್.

ಅದೇ ಭಾಗಾಕಾರವನ್ನು ಇಂಟೆಲ್‌ಗೆ ಹಾಕಿ. 2022ರ ಕೊನೆಯಲ್ಲಿ ಅಲ್ಲಿದ್ದವರು 1,31,900 ಜನ. 2024ರ ಕೊನೆಗೆ 1,08,900. ಕಡಿಮೆಯಾದವರು 23 ಸಾವಿರ. ಕೈ ಸೇರಿದ ಅನುದಾನ 2.2 ಬಿಲಿಯನ್. ತಲೆಗೆ ಸುಮಾರು 96 ಸಾವಿರ ಡಾಲರ್ ಬಿತ್ತು. ಒಂದು ಕೆಲಸ ಕೊಡಿಸುವ ಖರ್ಚಿನಲ್ಲಿ ನಾಲ್ಕು ಕೆಲಸ ಕಳೆಯಬಹುದು, ಚಿಲ್ಲರೆಯೂ ಉಳಿಯುತ್ತೆ.